ಗಿಟಾರಿನ ಧ್ವನಿವರ್ಧಕದಲ್ಲಿ ವಾಲ್ವಿನ ಬಯಾಸ್

ಯಲ್ಲಾಪುರ ತಾಲೂಕಿನ ಉಮ್ಮಚಗಿಯಂಥ ಊರುಗಳಲ್ಲಿ ಯಕ್ಷಗಾನಕ್ಕೋ ಶಾಲೆಯ ಸಮ್ಮೇಳನಕ್ಕೋ ಧ್ವನಿವರ್ಧಕವನ್ನು ಬಾಡಿಗೆಗೆ ತರುತ್ತಿದ್ದ ಕಾಲವನ್ನು ಹಿರಿಯ ಹಳೆಯ ವಿದ್ಯಾರ್ಥಿಗಳು ಬಲ್ಲರು. ಅಂದಿನ ಪೆಟ್ಟಿಗೆಯ ಗುಂಡಿಯನ್ನು ಒತ್ತಿದೊಡನೆ ಸದ್ದು ಹೊರಡುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವುಗಳು ಕಾಯುವವರೆಗೆ ತಾಳಬೇಕಾಗಿತ್ತು. ಟ್ರಾನ್ಸಿಸ್ಟರು ಬಂದ ಮೇಲೆ ಆ ಪೆಟ್ಟಿಗೆಗಳು ಮೂಲೆ ಸೇರಿದವು. ಆದರೆ ವಿದ್ಯುತ್ ಗಿಟಾರಿನ ವಾದಕರಲ್ಲಿ ಅನೇಕರು ವಾಲ್ವನ್ನು ಇಂದಿಗೂ ಬಿಟ್ಟಿಲ್ಲ. ಭಾಷಣಕ್ಕೆ ಬೇಕಾದುದು ನಿರ್ಮಲವಾದ ಧ್ವನಿ. ಗಿಟಾರಿಗಾದರೋ ವಾಲ್ವು ತನ್ನ ಮಿತಿಯನ್ನು ಮುಟ್ಟಿದಾಗ ಮೆಲ್ಲಮೆಲ್ಲನೆ ಹುಟ್ಟುವ ವಿಕೃತಿಯೂ ನಾದದ ಒಂದು ಅಂಶವೇ ಆಗಿದೆ.

ಈ ವಿಷಯಕ್ಕೂ ಕರ್ನಾಟಕಕ್ಕೂ ನಂಟಿದೆ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಅಲ್ಲಿ ತಯಾರಾದ ಇ.ಎಲ್. 84 ಎಂಬ ವಾಲ್ವನ್ನು ಹೊರದೇಶಗಳ ಗಿಟಾರ್ ವಾದಕರೂ ಹುಡುಕಿ ಕೊಳ್ಳುವುದುಂಟು. ಆ ತಯಾರಿಕೆ ನಿಂತು ದಶಕಗಳೇ ಸಂದಿವೆ. ಹೊಸ ವಾಲ್ವುಗಳು ಈಗ ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ ಬರಬೇಕು. ಹೀಗಿರುವಲ್ಲಿ ಕೈಯಲ್ಲಿರುವ ಒಂದು ಜೊತೆ ವಾಲ್ವನ್ನು ಅಜಾಗರೂಕತೆಯಿಂದ ಸುಟ್ಟುಕೊಳ್ಳುವುದು ಸಣ್ಣ ನಷ್ಟವಲ್ಲ.

ವಾಲ್ವಿನಲ್ಲಿ ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಧನವಿಭವವುಳ್ಳ ಪ್ಲೇಟಿನ ಕಡೆಗೆ ಧಾವಿಸುತ್ತವೆ. ನಡುವೆ ಇರುವ ಗ್ರಿಡ್ಡಿಗೆ ಕ್ಯಾಥೋಡಿಗಿಂತ ಋಣವಾದ ವಿಭವವನ್ನು ಕೊಟ್ಟರೆ ಪ್ರವಾಹ ತಗ್ಗುತ್ತದೆ. ಅಡಿಕೆ ತೋಟದ ಕಾಲುವೆಯ ಬಾಯಿಗೆ ಹಲಗೆಯಿಟ್ಟು ನೀರನ್ನು ಹದಗೊಳಿಸಿದಂತೆ ಇದು. ಸಂಗೀತವಿಲ್ಲದ ವೇಳೆಯಲ್ಲಿಯೂ ಹಲಗೆ ಎಷ್ಟು ತೆರೆದಿರಬೇಕೆಂಬುದನ್ನು ನಿರ್ಣಯಿಸುವ ಆ ವಿಭವವೇ ಬಯಾಸ್. ಹಲಗೆ ಅತಿಯಾಗಿ ತೆರೆದಿದ್ದರೆ ಪ್ಲೇಟು ಕೆಂಪೇರಿ ವಾಲ್ವು ಸಾಯುತ್ತದೆ. ಅತಿಯಾಗಿ ಮುಚ್ಚಿದ್ದರೆ ಸರದಿಯಂತೆ ದುಡಿಯುವ ಎರಡು ವಾಲ್ವುಗಳ ನಡುವೆ ಸಂಧಿ ಕೂಡದೆ ಸಣ್ಣ ಸ್ವರಗಳು ಕರ್ಕಶವಾಗುತ್ತವೆ.

ಬಯಾಸನ್ನು ಕೊಡುವ ಕ್ರಮಗಳು ಎರಡು. ಮೊದಲನೆಯದರಲ್ಲಿ ಕ್ಯಾಥೋಡಿನ ಕೆಳಗೆ ಒಂದು ರೋಧಕವಿರುತ್ತದೆ. ಪ್ರವಾಹವೇ ತನಗೆ ಬೇಕಾದ ಬಯಾಸನ್ನು ಹುಟ್ಟಿಸಿಕೊಳ್ಳುತ್ತದೆ. ಇ.ಎಲ್. 84ಕ್ಕೆ ತಯಾರಕರು ಸೂಚಿಸಿದ ರೋಧ 135 ಓಮ್. ಅದರ ಎರಡು ತುದಿಗಳ ನಡುವೆ 7.2 ವೋಲ್ಟ್ ಕಂಡರೆ ಪ್ರವಾಹ ಸುಮಾರು 53 ಮಿಲಿ ಆಂಪಿಯರ್ ಎಂದಾಯಿತು. ಅದರಲ್ಲಿ ಐದೂವರೆಯಷ್ಟು ಸ್ಕ್ರೀನ್ ಗ್ರಿಡ್ಡಿನದು, ಉಳಿದ 48 ಪ್ಲೇಟಿನದು. ಪ್ಲೇಟಿಗೂ ಕ್ಯಾಥೋಡಿಗೂ ನಡುವೆ 250 ವೋಲ್ಟ್ ಇದ್ದರೆ ಪ್ಲೇಟು ತಾಳಬೇಕಾದ ಶಕ್ತಿ 12 ವಾಟ್. ಅದೇ ಆ ವಾಲ್ವಿನ ಗರಿಷ್ಠ ಮಿತಿ. ಇಲ್ಲಿ ತಿರುಗಿಸಿ ಹೊಂದಿಸುವುದೇನೂ ಇಲ್ಲ, ಅಳೆದು ನೋಡುವುದಷ್ಟೇ.

ಎರಡನೆಯ ಕ್ರಮದಲ್ಲಿ ಋಣವಿಭವವು ಬೇರೆಯಾಗಿ ಬರುತ್ತದೆ; ಅದನ್ನು ಒಂದು ಚಿಕ್ಕ ತಿರುಗು ರೋಧಕದಿಂದ ಹೊಂದಿಸಬೇಕು. ಪ್ರತಿ ವಾಲ್ವಿನ ಕ್ಯಾಥೋಡಿಗೂ ನೆಲಕ್ಕೂ ನಡುವೆ ಒಂದು ಓಮಿನ ರೋಧಕವನ್ನು ಬೆಸೆದಿಟ್ಟರೆ ಕೆಲಸ ಸುಲಭ: ಅದರ ಮೇಲೆ ಕಾಣುವ ಒಂದೊಂದು ಮಿಲಿವೋಲ್ಟೂ ಒಂದೊಂದು ಮಿಲಿ ಆಂಪಿಯರಿಗೆ ಸಮ. ಇ.ಎಲ್. 34 ವಾಲ್ವಿನ ಮಿತಿ 25 ವಾಟ್. ಸಂಗೀತ ನುಡಿಯುವಾಗ ಹೊರೆ ಏರುವುದರಿಂದ ನಿಶ್ಶಬ್ದದಲ್ಲಿ ಅದರ ನೂರಕ್ಕೆ 70ರಷ್ಟನ್ನು, ಅಂದರೆ 17.5 ವಾಟನ್ನು, ಮೀರಬಾರದೆಂಬುದು ರೂಢಿ. ಪ್ಲೇಟಿನ ವಿಭವ 450 ವೋಲ್ಟ್ ಇದ್ದರೆ ಭಾಗಾಕಾರದಿಂದ 39 ಮಿಲಿ ಆಂಪಿಯರ್ ದೊರೆಯುತ್ತದೆ. ಓದಿಕೆಯಲ್ಲಿ ಸ್ಕ್ರೀನ್ ಪ್ರವಾಹವೂ ಸೇರಿರುವುದರಿಂದ ಅಷ್ಟಕ್ಕೇ ನಿಲ್ಲಿಸಿದರೆ ತಪ್ಪು ಸುರಕ್ಷಿತವಾದ ಕಡೆಗೇ ಬೀಳುತ್ತದೆ. ಬಯಾಸನ್ನು ಮೊದಲು ಅತ್ಯಂತ ಋಣದಲ್ಲಿಟ್ಟು, ಹತ್ತು ನಿಮಿಷ ಕಾಯಿಸಿ, ಬಳಿಕ ಮೆಲ್ಲನೆ ಏರಿಸಬೇಕು. ಪ್ರವಾಹವನ್ನು ಏರಿಸಿದಂತೆಲ್ಲ ಪ್ಲೇಟಿನ ವಿಭವ ತುಸು ಇಳಿಯುವುದರಿಂದ ಅದನ್ನು ಮತ್ತೊಮ್ಮೆ ಅಳೆದು ಲೆಕ್ಕವನ್ನು ತಿದ್ದಬೇಕು. ಕಿವಿಯೊಂದನ್ನೇ ನಂಬಿ ಬಯಾಸನ್ನು ಹೊಂದಿಸುವ ನಿಪುಣರೂ ಉಂಟು. ಅವರ ಕಿವಿ ಸೂಕ್ಷ್ಮವೇ ಇರಬಹುದು. ಆದರೆ ಪ್ಲೇಟಿನ ತಾಪ ಕಿವಿಗೆ ಕೇಳಿಸುವುದಿಲ್ಲ.

ಪುಸ್ತಕಗಳು ಅಷ್ಟಾಗಿ ಹೇಳದ ಮಾತೊಂದು ಗ್ರಾಮಾಂತರದವರಿಗೆ ಮುಖ್ಯವಾದುದು. ದೂರದ ತಂತಿಯ ಕೊನೆಯಲ್ಲಿರುವ ಊರುಗಳಲ್ಲಿ ಸಂಜೆ ದೀಪ, ಪಂಪುಗಳ ಹೊರೆ ಬಿದ್ದಾಗ ವಿದ್ಯುತ್ತಿನ ವಿಭವ ಕುಗ್ಗುತ್ತದೆ, ಊರು ಮಲಗಿದ ಮೇಲೆ ಏರುತ್ತದೆ. 230 ವೋಲ್ಟಿನಲ್ಲಿ ಪ್ಲೇಟಿಗೆ 450 ದೊರೆಯುವ ಯಂತ್ರವನ್ನು ಸಂಜೆ 190 ವೋಲ್ಟಿನಲ್ಲಿ ಹೊಂದಿಸಿದರೆಂದು ಭಾವಿಸೋಣ. ಆಗ ಪ್ಲೇಟಿನಲ್ಲಿ ಇರುವುದು ಸುಮಾರು 372 ವೋಲ್ಟ್, 17.5 ವಾಟಿಗಾಗಿ 47 ಮಿಲಿ ಆಂಪಿಯರ್ ಇಟ್ಟದ್ದಾಯಿತು. ರಾತ್ರಿ 230 ವೋಲ್ಟ್ ಬಂದಾಗ ಪ್ಲೇಟು, ಸ್ಕ್ರೀನ್, ಬಯಾಸ್ ಮೂರೂ ಒಂದೇ ಪ್ರಮಾಣದಲ್ಲಿ ಏರುತ್ತವೆ. ಬಯಾಸೂ ಏರಿತಲ್ಲ, ಸರಿಹೋಗುತ್ತದೆ ಎಂದು ತೋರಬಹುದು, ಹಾಗಾಗದು. ವಾಲ್ವಿನ ಪ್ರವಾಹವು ವಿಭವದ ಒಂದೂವರೆ ಘಾತಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಅದು ಸುಮಾರು 63 ಮಿಲಿ ಆಂಪಿಯರಿಗೆ ಮುಟ್ಟುತ್ತದೆ. ಶಕ್ತಿ 28 ವಾಟಾಗುತ್ತದೆ. ತಂತಿಯನ್ನು ಮೀಟುವ ಮೊದಲೇ ಮಿತಿ ಮೀರಿತು! ಆದುದರಿಂದ ಆ ಸ್ಥಳದಲ್ಲಿ ಬರಬಹುದಾದ ಅತಿ ಹೆಚ್ಚಿನ ವಿಭವದಲ್ಲಿ ಹೊಂದಿಸುವುದೇ ವಿವೇಕ. ಒಳ್ಳೆಯ ಸ್ಟೆಬಿಲೈಸರ್ ಇದ್ದಲ್ಲಿ ಅದರ ಮೂಲಕವೇ ಅಳೆಯಬೇಕು.

ಈ ಕೆಲಸ ಎಳೆಯ ವಿದ್ಯಾರ್ಥಿಗಳು ಒಬ್ಬರೇ ಮಾಡತಕ್ಕದ್ದಲ್ಲ. ಪ್ಲೇಟಿನ 450 ವೋಲ್ಟ್ ಪ್ರಾಣಾಪಾಯಕರ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಆ ವಿದ್ಯುತ್ತು ಉಳಿದಿರುತ್ತದೆ. ತಕ್ಕ ರೋಧಕದ ಮೂಲಕ ಅದನ್ನು ಹರಿಸಿ, ಮೀಟರಿನಲ್ಲಿ ಶೂನ್ಯವನ್ನು ಕಂಡ ಬಳಿಕವೇ ಒಳಗೆ ಬೆಸುಗೆಯ ಕೆಲಸಕ್ಕೆ ಕೈಯಿಡಬೇಕು. ಮೀಟರಿನ ಕೊಂಡಿಗಳನ್ನು ವಿದ್ಯುತ್ತು ಇಲ್ಲದಾಗಲೇ ಸಿಕ್ಕಿಸಿಡಬೇಕು. ತಿರುಗು ರೋಧಕವನ್ನು ಒಂದೇ ಕೈಯಿಂದ, ಅವಾಹಕ ಹಿಡಿಯ ತಿರುಪುಳಿಯಿಂದ ತಿರುಗಿಸಬೇಕು. ಸ್ಪೀಕರನ್ನು ಜೋಡಿಸದೆ ಯಂತ್ರವನ್ನು ಎಂದಿಗೂ ನಡೆಸಕೂಡದು. ನಡೆಸಿದರೆ ಹೊರಟ್ರಾನ್ಸ್‌ಫಾರ್ಮರ್ ಹಾಳಾದೀತು. ಹೊಸ ವಾಲ್ವು ಹಾಕಿದಾಗಲೆಲ್ಲ ಬಯಾಸನ್ನು ಮತ್ತೆ ಅಳೆಯಬೇಕು; ಕೆಲವು ಗಂಟೆ ನುಡಿಸಿದ ಮೇಲೆ ಇನ್ನೊಮ್ಮೆ ನೋಡಬೇಕು, ಏಕೆಂದರೆ ಮೊದಲ ದಿನಗಳಲ್ಲಿ ವಾಲ್ವಿನ ಪ್ರವಾಹ ತುಸು ಸರಿದಾಡುತ್ತದೆ.