ಕ್ಯಾಮೆರಾ ಮತ್ತು ಕಾಫಿಯ ಹೂವು

ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಕೊಡಗಿನ ಕಾಫಿ ಬೆಳೆಗಾರರು ಆಕಾಶವನ್ನೇ ನೋಡುತ್ತಿರುತ್ತಾರೆ. ಬೇಸಗೆಯ ನಡುವೆ ಆಗ ಒಂದು ಮಳೆ ಬೀಳಬೇಕು. ಅದಕ್ಕೆ ಹೂಮಳೆ ಎಂದು ಹೆಸರು. ಅದು ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಮಲ್ಲಿಗೆಯನ್ನು ನೆನಪಿಗೆ ತರುವ ಕಂಪು ದಾರಿಯವರೆಗೂ ಹರಡುತ್ತದೆ. ಮತ್ತೆ ಮೂರು ನಾಲ್ಕು ದಿನ ಕಳೆಯುವಷ್ಟರಲ್ಲಿ ಹೂವು ಕಂದಿ ಮುದುಡಿಹೋಗುತ್ತದೆ. ಬೆಳೆಗಾರನಿಗೆ ಆ ಹೂವು ಮುಂದಿನ ಫಸಲಿನ ಸೂಚನೆ. ಕ್ಯಾಮೆರಾ ಹಿಡಿದವನಿಗಾದರೋ ಆ ನಾಲ್ಕು ದಿನಗಳೇ ಫಸಲು. ಆಗ ತೆಗೆದ ಒಂದು ಒಳ್ಳೆಯ ಛಾಯಾಚಿತ್ರ ಮುಂದೆ ಹತ್ತಾರು ವರ್ಷ ಅವನಿಗೆ ಸ್ವಲ್ಪ ಸ್ವಲ್ಪವಾಗಿ ಹಣವನ್ನು ತರಬಹುದು. ಅದು ಹೇಗೆಂಬುದನ್ನು ನೋಡೋಣ.

ದೂರದ ದೇಶದಲ್ಲಿ ಕಾಫಿಯ ಬಗ್ಗೆ ಪುಸ್ತಕವೊಂದನ್ನು ಅಚ್ಚು ಮಾಡುವ ಪ್ರಕಾಶಕನಿಗೆ ಹೂಬಿಟ್ಟ ಕಾಫಿ ಗಿಡದ ಚಿತ್ರ ಬೇಕಾಗಿದೆ ಎಂದಿಟ್ಟುಕೊಳ್ಳಿ. ಅದೊಂದಕ್ಕಾಗಿ ಅವನು ಯಾರನ್ನೂ ಮಡಿಕೇರಿಗೆ ಕಳುಹಿಸಲಾರ. ಕಳುಹಿಸಿದರೂ ಹೂಮಳೆ ಅವನ ಅನುಕೂಲವನ್ನು ಕೇಳಿಕೊಂಡು ಬರುವುದಿಲ್ಲ. ಆದ್ದರಿಂದ ಅವನು ಯಾರೋ ಮೊದಲೇ ತೆಗೆದಿಟ್ಟ ಚಿತ್ರವನ್ನು ಹುಡುಕುತ್ತಾನೆ. ಇಂಥ ಚಿತ್ರಗಳನ್ನು ಕೂಡಿಟ್ಟು, ಬೇಕೆಂದವರಿಗೆ ಬೆಲೆಗೆ ಒದಗಿಸುವ ಸಂಸ್ಥೆಗಳುಂಟು. ಈ ವ್ಯವಹಾರಕ್ಕೆ ಸ್ಟಾಕ್ ಫೋಟೋಗ್ರಫಿ ಎಂದು ಹೆಸರು. ಭತ್ತದ ಕಣಜದಂತೆ ಇದು ಚಿತ್ರಗಳ ಕಣಜ ಎನ್ನಬಹುದು.

ಈ ಕಣಜ ಇಂದು ನಿನ್ನೆಯದಲ್ಲ. ಹಿಟ್ಲರನ ಆಳ್ವಿಕೆಯಲ್ಲಿ ಕೆಲಸ ಕಳೆದುಕೊಂಡ ಆಟೋ ಬೆಟ್‌ಮನ್ ಎಂಬ ಜರ್ಮನ್ ಯಹೂದಿ ವಿದ್ವಾಂಸನು 1935ರಲ್ಲಿ ಪೆಟ್ಟಿಗೆಗಳ ತುಂಬ ಚಿತ್ರಗಳನ್ನು ತುಂಬಿಕೊಂಡು ಅಮೆರಿಕಕ್ಕೆ ಹೊರಟನು. ಮರುವರ್ಷ ನ್ಯೂಯಾರ್ಕಿನಲ್ಲಿ ಅವನು ತೆರೆದ ಚಿತ್ರಭಂಡಾರ ಲೋಕಪ್ರಸಿದ್ಧವಾಯಿತು. ಅಂತರಜಾಲ ಬಂದ ಮೇಲೆ ಪೆಟ್ಟಿಗೆಗಳ ಅಗತ್ಯವೇ ಉಳಿಯಲಿಲ್ಲ. 2000ದಲ್ಲಿ ಕೆನಡಾದಲ್ಲಿ ಐಸ್ಟಾಕ್‌ಫೋಟೋ, 2003ರಲ್ಲಿ ನ್ಯೂಯಾರ್ಕಿನಲ್ಲಿ ಶಟರ್‌ಸ್ಟಾಕ್ ಪ್ರಾರಂಭವಾದವು. ಎರಡನೆಯದನ್ನು ಸ್ಥಾಪಿಸಿದ ಜಾನ್ ಓರಿಂಜರ್ ಮೊದಲು ಕಣಜಕ್ಕೆ ಸುರಿದದ್ದು ತಾನೇ ತೆಗೆದ ಸುಮಾರು 30,000 ಚಿತ್ರಗಳನ್ನು. ಅಲ್ಲಿಯವರೆಗೆ ವೃತ್ತಿನಿರತರಿಗೆ ಮಾತ್ರ ತೆರೆದಿದ್ದ ಬಾಗಿಲು ಆಮೇಲೆ ಹವ್ಯಾಸಿಗಳಿಗೂ ತೆರೆಯಿತು. ಸೋಮವಾರಪೇಟೆಯ ಅಂಗಡಿಯವನೂ ವಿರಾಜಪೇಟೆಯ ಉಪಾಧ್ಯಾಯಿನಿಯೂ ಮನೆಯಲ್ಲಿ ಕುಳಿತು ತಮ್ಮ ಚಿತ್ರಗಳನ್ನು ಕಳುಹಿಸಬಹುದಾಯಿತು. ಹದಿನೆಂಟು ವರ್ಷ ತುಂಬಿರಬೇಕೆಂಬ ನಿಯಮವಿರುವುದರಿಂದ ನೀವು ಮಾತ್ರ ಇನ್ನೂ ಕೆಲವು ಕಾಲ ಕಾಯಬೇಕು.

ಕಣಜದ ಚಿತ್ರವೊಂದನ್ನು ನೀವೂ ಕಂಡಿರಬಹುದು. ನೀಲಿಯ ಆಕಾಶ, ಬಿಳಿಯ ಮೋಡ, ಅದರ ಕೆಳಗೆ ಹಸುರು ಹುಲ್ಲಿನ ಒಂದು ಗುಡ್ಡ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಎಂಬ ಗಣಕ ವ್ಯವಸ್ಥೆಯ ತೆರೆಯ ಮೇಲೆ ಅದು ಜಗತ್ತಿನಾದ್ಯಂತ ಕಾಣಿಸಿಕೊಂಡಿತು. ಅದನ್ನು ತೆಗೆದವನು ಚಾರ್ಲ್ಸ್ ಓರಿಯರ್. ತೆಗೆದದ್ದು 1996ರಲ್ಲಿ, ಕ್ಯಾಲಿಫೋರ್ನಿಯದ ಒಂದು ಹೆದ್ದಾರಿಯ ಪಕ್ಕದಲ್ಲಿ. ಚಳಿಗಾಲದ ಮಳೆಯಿಂದ ಗುಡ್ಡ ಚಿಗುರಿತ್ತು. ಕಾರಿನಲ್ಲಿ ಹೋಗುತ್ತಿದ್ದ ಓರಿಯರ್ ಇಳಿದು, ಮಮಿಯಾ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಫಿಲ್ಮಿನ ಮೇಲೆ ಆ ನೋಟವನ್ನು ಹಿಡಿದು, ಚಿತ್ರವನ್ನು ಒಂದು ಸಂಸ್ಥೆಯ ಕಣಜಕ್ಕೆ ಕೊಟ್ಟನು. ಕೆಲವು ವರ್ಷಗಳ ಮೇಲೆ ಮೈಕ್ರೋಸಾಫ್ಟ್ ಕಂಪನಿ ಅದನ್ನು ಅಲ್ಲಿಂದಲೇ ಆರಿಸಿಕೊಂಡಿತು. ಅಂಥ ಹುಲ್ಲುಗುಡ್ಡಗಳು ನಮ್ಮ ಮಾಂದಲಪಟ್ಟಿಯಲ್ಲಿಯೂ ಉಂಟು. ದಾರಿಯಲ್ಲಿ ವಾಹನ ನಿಲ್ಲಿಸಿ ಇಳಿಯುವ ಕಣ್ಣು ಬೇಕು, ಅಷ್ಟೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಣಜದ ಮೂಲಕ ಸಾಮಾನ್ಯವಾಗಿ ಮಾರಾಟವಾಗುವುದು ಚಿತ್ರವಲ್ಲ, ಅದನ್ನು ಬಳಸಿಕೊಳ್ಳುವ ಅನುಮತಿ. ತೋಟವನ್ನು ತಾನೇ ಇಟ್ಟುಕೊಂಡು ವರ್ಷ ವರ್ಷದ ಫಸಲನ್ನು ಮಾರಿದ ಹಾಗೆ ಒಂದೇ ಚಿತ್ರದ ಅನುಮತಿಯನ್ನು ನೂರು ಜನರಿಗೆ ಮಾರಬಹುದು. ತೋಟದ ಪಹಣಿ ಇದ್ದಂತೆ ಚಿತ್ರಕ್ಕೆ ಕೃತಿಸ್ವಾಮ್ಯವಿದೆ. ನಮ್ಮ ದೇಶದಲ್ಲಿ ಇದಕ್ಕೆ ಆಧಾರ 1957ರ ಕೃತಿಸ್ವಾಮ್ಯ ಕಾಯಿದೆ. 2012ರಲ್ಲಿ ಅದಕ್ಕೆ ತಿದ್ದುಪಡಿಯಾದ ಮೇಲೆ ಛಾಯಾಗ್ರಾಹಕನ ಹಕ್ಕು ಅವನ ಜೀವಮಾನ ಮುಗಿದು 60 ವರ್ಷಗಳವರೆಗೆ ಉಳಿಯುತ್ತದೆ. ಪಹಣಿಯನ್ನೇ ಬರೆದುಕೊಡುವ ಕರಾರಿಗೆ ಓದದೆ ರುಜು ಹಾಕಿದವರು ಆಮೇಲೆ ಪರಿತಪಿಸುವುದುಂಟು.

ಇನ್ನು ಸಲಕರಣೆಗಳ ಮಾತು. ಹವ್ಯಾಸಿಗಳು ಇಬ್ಬರು ಸೇರಿದರೆ ಸಾಕು, ಕ್ಯಾಮೆರಾಗಳ ಹೆಸರುಗಳ ಮೇಲೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ನನಗೆ ತೋರುವಂತೆ ಈ ಚರ್ಚೆಗೆ ವ್ಯಯವಾಗುವ ಕಾಲದಲ್ಲಿ ಅರ್ಧವನ್ನು ತೋಟದಲ್ಲಿ ಕಳೆದರೆ ಹೆಚ್ಚು ಲಾಭ. ಚಿತ್ರ ಕನಿಷ್ಠ 4 ಮೆಗಾಪಿಕ್ಸೆಲ್ ಇದ್ದರೆ ಸಾಕೆಂದು ದೊಡ್ಡ ಸಂಸ್ಥೆಗಳೇ ಹೇಳುತ್ತವೆ. ಈಗಿನ ಸಾಮಾನ್ಯ ದೂರವಾಣಿಯ ಕ್ಯಾಮೆರಾ ಕೂಡ ಅದಕ್ಕಿಂತ ಮುಂದಿದೆ. ಆದರೆ ಪರೀಕ್ಷಕರು ಚಿತ್ರವನ್ನು ತೆರೆಯ ಮೇಲೆ ಹಿಗ್ಗಿಸಿ ನೋಡುತ್ತಾರೆ. ಅಲುಗಿದ ಗೆರೆ, ಮಬ್ಬು, ಧೂಳಿನ ಚುಕ್ಕೆ ಕಂಡರೆ ಹಿಂದಕ್ಕೆ ಕಳುಹಿಸುತ್ತಾರೆ. ಕೊಡಗಿನ ಕಾಫಿ ನೆರಳಿನಲ್ಲಿ ಬೆಳೆಯುವುದರಿಂದ ಮರಗಳ ಕೆಳಗೆ ಬೆಳಕು ಕಡಮೆ. ಅಲ್ಲಿ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. ಕೈಯಲ್ಲಿ ಹಿಡಿದರೆ ಚಿತ್ರ ಅಲುಗುತ್ತದೆ. ಆದ್ದರಿಂದ ಹೊಸ ಕ್ಯಾಮೆರಾಕ್ಕಿಂತ ಮೊದಲು ಗಟ್ಟಿಯಾದ ಮುಕ್ಕಾಲಿಯನ್ನು ಕೊಳ್ಳುವುದು ಜಾಣತನ. ಹೂವಿನ ಕೇಸರವೂ ಕಾಣಬೇಕಾದರೆ ಹತ್ತಿರದ ವಸ್ತುಗಳನ್ನು ಹಿಡಿಯುವ ಮ್ಯಾಕ್ರೋ ಮಸೂರ ಬೇಕು. ಮಳೆಯಲ್ಲಿ ನೆನೆದ ಎಲೆಗಳ ಮೇಲಿನ ಬಿಳಿಯ ಹೊಳಪನ್ನು ಕಳೆಯಲು ಪೋಲರೈಸರ್ ಎಂಬ ಗಾಜಿನ ಶೋಧಕವುಂಟು; ಅದನ್ನು ಮಸೂರದ ಮುಂದೆ ತಿರುಗಿಸುತ್ತ ಬಂದರೆ ಎಲೆಯ ನಿಜವಾದ ಹಸುರು ಮೆಲ್ಲಗೆ ಮೇಲೆದ್ದು ಬರುತ್ತದೆ. ಮಿಕ್ಕುದೆಲ್ಲ ತಾಳ್ಮೆ. ಮೂಡಿಗೆರೆಯ ಕಡೆ ಕಾಫಿ ಬೆಳೆಯುತ್ತಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರಗಳಿಗಾಗಿ ಎಷ್ಟು ಕಾದರೆಂಬುದು ಕನ್ನಡಿಗರಿಗೆಲ್ಲ ಗೊತ್ತು. ರಾಜ್ಯದ ಹಣಕಾಸು ಮಂತ್ರಿಗಳಾಗಿದ್ದ ಎಂ. ವೈ. ಘೋರ್ಪಡೆಯವರೂ ಕಾಡಿನಲ್ಲಿ ಹಾಗೆಯೇ ಕಾದು ಕುಳಿತು ವನ್ಯಜೀವಿಗಳ ಕಪ್ಪು ಬಿಳುಪು ಚಿತ್ರಗಳನ್ನು ತೆಗೆದವರು.

ಕೊಡಗಿನಲ್ಲಿ ಸಲಕರಣೆಗಳಿಗೆ ದೊಡ್ಡ ಶತ್ರು ಕಳ್ಳನಲ್ಲ, ಬೂಷ್ಟು. ಒಂದು ಮಳೆಗಾಲ ನಾನು ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿಟ್ಟು, ಬೀರುವಿನಲ್ಲಿ ಭದ್ರಪಡಿಸಿ ಬೀಗ ಹಾಕಿದ್ದೆ. ಸೆಪ್ಟೆಂಬರಿನಲ್ಲಿ ತೆಗೆದು ನೋಡಿದಾಗ ಮಸೂರದ ಒಳಗೆ ಜೇಡರ ಬಲೆಯಂಥ ಬಿಳಿಯ ಎಳೆಗಳು ಹಬ್ಬಿದ್ದವು. ಕತ್ತಲೆ, ತೇವ, ನಿಂತ ಗಾಳಿ ಇವು ಮೂರೂ ಸೇರಿದರೆ ಶಿಲೀಂಧ್ರ ಗಾಜಿನ ಮೇಲೂ ಬೆಳೆಯುತ್ತದೆ. ಅದು ಸ್ರವಿಸುವ ಆಮ್ಲ ಮಸೂರದ ಲೇಪವನ್ನು ತಿನ್ನುತ್ತದೆ. ಬೀಗ ಹಾಕಿ ಆ ಮೂರನ್ನೂ ನಾನೇ ಒದಗಿಸಿಕೊಟ್ಟಿದ್ದೆ! ಮೆಣಸು, ಏಲಕ್ಕಿಗಳನ್ನು ಬೆಚ್ಚಗಿಡುವಂತೆ ಒಲೆಯ ಮೇಲಿನ ಅಟ್ಟದಲ್ಲಿಡು ಎಂದು ಒಬ್ಬರು ಸಲಹೆ ಕೊಟ್ಟರು. ಹೊಗೆಯ ಜಿಡ್ಡು ಬೂಷ್ಟಿಗಿಂತ ಮೇಲಲ್ಲ. ಸರಿಯಾದ ಉಪಾಯ ಗಾಳಿಯಾಡದ ಡಬ್ಬಿ ಮತ್ತು ಅದರೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ. ಈ ಹರಳುಗಳಲ್ಲಿ ಒಂದು ಬಗೆಯವು ಒಣಗಿದ್ದಾಗ ನೀಲಿಯಾಗಿದ್ದು, ತೇವವನ್ನು ಹೀರಿದಂತೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತವೆ.

ಚಿತ್ರ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ತಕ್ಕ ಹೆಸರು ಬರೆಯದಿದ್ದರೆ ಯಾರ ಕಣ್ಣಿಗೂ ಬೀಳದು. ಕೊಳ್ಳುವವನು ಹುಡುಕುವುದು ಪದಗಳಿಂದ. ಆದಕಾರಣ ಚಿತ್ರದೊಡನೆ ಅದರ ವಿವರಣೆಯನ್ನೂ ಹುಡುಕುಪದಗಳನ್ನೂ ಕೊಡಬೇಕು. ಕೊಡಗು ಎಂದೂ ಕೂರ್ಗ್ ಎಂದೂ ಎರಡನ್ನೂ ಬರೆಯಬೇಕು. ಹೊರಗಿನವರು ಎರಡನೆಯದನ್ನೇ ಹೆಚ್ಚಾಗಿ ಬಲ್ಲರು. ಇಲ್ಲಿಯೇ ಊರಿನವನ ತಿಳಿವಳಿಕೆಗೆ ಬೆಲೆ ಬರುವುದು. ಬೈಲುಕುಪ್ಪೆಯ ಟಿಬೆಟನ್ನರ ಸ್ವರ್ಣಮಂದಿರವನ್ನು ಕೊಡಗಿನದೆಂದು ಬರೆಯುವವರು ಬಹಳ. ಅದು ಕುಶಾಲನಗರಕ್ಕೆ ಹತ್ತಿರವಾದರೂ ಕಾವೇರಿಯ ಆಚೆ, ಮೈಸೂರು ಜಿಲ್ಲೆಯಲ್ಲಿದೆ. ಅಬ್ಬಿ ಎಂದರೆ ಜಲಪಾತ. ಮಡಿಕೇರಿಯ ಅಬ್ಬಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕ್ರೈಸ್ತ ಸಂನ್ಯಾಸಿಗಳ ಮಠವೆಂಬ ಅರ್ಥದ ಪದದ ಕಾಗುಣಿತ ಅಂಟಿಕೊಂಡಿತು. ನೀರು ಬೀಳುವೆಡೆಯಲ್ಲಿ ಮಠವನ್ನು ಹುಡುಕಿದವರೂ ಇದ್ದಾರು! ತಪ್ಪು ಹೆಸರು ಹೊತ್ತ ಚಿತ್ರ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗುತ್ತದೆ. ಅದನ್ನು ಹಿಂದಕ್ಕೆ ಕರೆಯುವುದು ಕಷ್ಟ.

2022ರಿಂದೀಚೆಗೆ ಯಂತ್ರಗಳು ತಾವೇ ರಚಿಸಿದ ಚಿತ್ರಗಳೂ ಕಣಜಕ್ಕೆ ಬಂದಿವೆ. ಕೆಲವು ಸಂಸ್ಥೆಗಳು ಗುರುತು ಹಾಕಿ ಅವನ್ನು ಸ್ವೀಕರಿಸುತ್ತವೆ. ಗೆಟ್ಟಿ ಇಮೇಜಸ್ ಸಂಸ್ಥೆ ಅದೇ ವರ್ಷ ಅವನ್ನು ನಿಷೇಧಿಸಿತು. ಅಂಥ ಯಂತ್ರ ಕಾಫಿಯ ಹೂವನ್ನು ಬರೆದೀತು. ಆದರೆ ಇಂಥ ವರ್ಷ, ಇಂಥ ತೋಟದಲ್ಲಿ, ಹೂಮಳೆ ತಡವಾಗಿ ಬಂದಾಗ ಗಿಡ ಹೇಗಿತ್ತೆಂದು ಅದು ಸಾಕ್ಷಿ ಹೇಳಲಾರದು.

ಮನುಷ್ಯರ ಚಿತ್ರ ಮಾರುವುದು ಇದಕ್ಕಿಂತ ಗಹನವಾದ ವಿಷಯ. ಗುರುತು ಸಿಕ್ಕುವ ಮುಖವೊಂದನ್ನು ಜಾಹೀರಾತಿಗೆ ಬಳಸಬೇಕಾದರೆ ಆ ವ್ಯಕ್ತಿಯ ಲಿಖಿತ ಒಪ್ಪಿಗೆಯನ್ನು ಸಂಸ್ಥೆಗಳು ಕೇಳುತ್ತವೆ. ಸುದ್ದಿಯ ಜೊತೆಗೆ ಅಚ್ಚಾಗುವ ಚಿತ್ರಕ್ಕೆ ಈ ಕಟ್ಟು ಇಲ್ಲ. ಒಂದು ಹುತ್ತರಿಯ ರಾತ್ರಿ ನಾನು ಪರಿಚಿತರ ಐನ್‌ಮನೆಗೆ ಹೋಗಿದ್ದೆ. ಗದ್ದೆಯಿಂದ ಕದಿರು ಬಂದಿತ್ತು. ತೂಗುದೀಪದ ಬೆಳಕಿನಲ್ಲಿ ಮನೆಯ ಅಜ್ಜಿ ಅದನ್ನು ಹಿಡಿದು ನಿಂತಿದ್ದರು. ಅಂಥ ಬೆಳಕು ಮತ್ತೆ ಸಿಕ್ಕುವುದಿಲ್ಲವೆಂದು ಕ್ಯಾಮೆರಾ ಎತ್ತಿದೆ. ತೆಗೆದಾದ ಮೇಲೆ ಒಪ್ಪಿಗೆಯ ಕಾಗದವನ್ನು ಮುಂದಿಟ್ಟು, ಇದು ಯಾವ ದೇಶದಲ್ಲಿ ಬೇಕಾದರೂ ಅಚ್ಚಾಗಬಹುದು ಎಂದು ಹೇಳಿದೆ.

“ಯಾವ ವಸ್ತುವನ್ನು ಮಾರಲು ನನ್ನ ಮುಖವನ್ನು ಹಾಕುತ್ತಾರೆ?” ಎಂದು ಅವರು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಮುಖ ಬೇಡ ಮಗನೇ, ಕೈ ತೆಗೆ. ಕೈ ಎಲ್ಲರದೂ ಒಂದೇ,” ಎಂದರು. ಮುಖವಿದ್ದ ಚಿತ್ರವನ್ನು ಅವರ ಎದುರಿಗೇ ಅಳಿಸಿದೆ. ಕದಿರು ಹಿಡಿದ ಎರಡು ಕೈಗಳನ್ನು ಮಾತ್ರ ತೆಗೆದು ಕಣಜಕ್ಕೆ ಕಳುಹಿಸಿದೆ. ಹಣದ ಮಾತು ಹೇಳುವುದಾದರೆ, 2020ರಲ್ಲಿ ಶಟರ್‌ಸ್ಟಾಕ್ ತನ್ನ ನಿಯಮ ಬದಲಿಸಿ, ಛಾಯಾಗ್ರಾಹಕನ ಪಾಲನ್ನು ನೂರಕ್ಕೆ 15ರಿಂದ 40ರವರೆಗೆ ಎಂದು ಗೊತ್ತುಮಾಡಿತು. ಒಂದು ಪ್ರತಿಗೆ 10 ಸೆಂಟು, ಅಂದರೆ ನಮ್ಮ ಹತ್ತು ರೂಪಾಯಿಗೂ ಕಡಮೆ, ಬರುವುದೂ ಉಂಟು. ನೂರಾರು ಚಿತ್ರಗಳಿದ್ದವರಿಗೆ ಅದು ಒಂದು ಮೊತ್ತವಾದೀತು. ನನ್ನಂಥವರಿಗೆ ಮಸೂರ ಒರೆಸುವ ಬಟ್ಟೆಯ ಖರ್ಚು ಹುಟ್ಟಿದರೆ ಹೆಚ್ಚು. ಮರುವರ್ಷ ಹುತ್ತರಿಗೆ ಹೋದಾಗ, ಆ ಕೈಗಳು ಹನ್ನೊಂದು ಬಾರಿ ಮಾರಾಟವಾದುವೆಂದು ಅಜ್ಜಿಗೆ ತಿಳಿಸಿ, ಬಂದ ಹಣವನ್ನು ಲೆಕ್ಕ ಮಾಡಿ ಮುಂದಿಟ್ಟೆ. ಇಷ್ಟಕ್ಕೆ ಒಂದು ಕಿಲೋ ಬೆಲ್ಲ ಬರುತ್ತದೆಯೇ ಎಂದು ಅವರು ಕೇಳಿದರು. ಬರುತ್ತದೆ ಎಂದೆ.