ಎಲ್ಲದಕ್ಕೂ ‘ಹೂಂ’ ಅನ್ನುವವರನ್ನು ಕೇಳುವುದು ಹೇಗೆ?

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ, ಬುದ್ಧಿಮಾಂದ್ಯ. ಆಸ್ಪತ್ರೆಯಲ್ಲಿ ಸಿಸ್ಟರ್ ನಮ್ಮನ್ನು ಬಿಟ್ಟು ಅವನನ್ನೇ ‘ಸೂಜಿ ಹಾಕಲಾ?’ ಅಂತ ಕೇಳಿದರು. ಇಂಥವರ ವಿಷಯದಲ್ಲಿ ನರ್ಸ್‌ಗಳು ಹೇಗೆ ತೀರ್ಮಾನಿಸುತ್ತಾರೆ?

ಉತ್ತರ: ಸಿಸ್ಟರ್ ಸರಿಯಾಗಿಯೇ ಕೇಳಿದ್ದಾರೆ. ಯಾವ ಔಷಧಿ, ಆಪರೇಷನ್ ಬೇಕೇ ಎಂಬುದು ಡಾಕ್ಟರಿಗೆ ಬಿಟ್ಟದ್ದು. ಆದರೆ ಸೂಜಿ ಈಗಲೋ ಊಟವಾದ ಮೇಲೋ, ಕೈ ಹಿಡಿದು ಚುಚ್ಚುವುದೋ ಅರ್ಧ ಗಂಟೆ ಕಾಯುವುದೋ, ಇದೆಲ್ಲ ನರ್ಸ್‌ಗಳಾದ ನಮ್ಮ ಪಾಲಿನದು. ಎಲ್ಲದಕ್ಕೂ ‘ಹೂಂ’ ಅನ್ನುವವರು ಬಹಳ. ಹಾಗಾಗಿ ತಿರುಗಿಸಿ ‘ಸೂಜಿ ಬೇಡ್ವಾ?’ ಅಂತಲೂ ಕೇಳುತ್ತೇವೆ. ಅದಕ್ಕೂ ‘ಹೂಂ’ ಬಂದರೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಮತ್ತೆ ಸಿರಿಂಜ್ ತೋರಿಸಿ, ನಮ್ಮ ಕೈಮೇಲೇ ಇಟ್ಟು ಮೊದಲಿಂದ ಹೇಳಬೇಕು. ಜೀವಕ್ಕೇ ಅಪಾಯವಿದ್ದಾಗ ಮಾತ್ರ ಇಷ್ಟೆಲ್ಲ ಕಾಯುವುದಿಲ್ಲ.

ನಿಜವಾಗಿ ಕಷ್ಟವಾಗುವುದು ನೋವನ್ನು ಗುರುತಿಸುವಾಗ. ಮಾತು ಬಾರದ ಹುಡುಗನೊಬ್ಬ ನಮ್ಮ ವಾರ್ಡಿಗೆ ಬಂದಿದ್ದ. ಎರಡು ದಿನದಿಂದ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. ಇಂಥವರು ಹಾಗೇ ಎಂದು ನಿದ್ದೆ ಔಷಧಿ ಬರೆದಾಗಿತ್ತು. ಕೊಡಲು ಹೋದಾಗ ತಾಯಿ, ‘ರೊಟ್ಟಿ ಅಂದ್ರ ಜೀವ ಬಿಡ್ತಾನ್ರೀ, ಈಗ ಅಂಬಲಿ ಬಿಟ್ರ ಏನೂ ಮುಟ್ಟವಲ್ಲ’ ಅಂದರು. ಟಾರ್ಚ್ ಹಿಡಿದು ನೋಡಿದೆ: ದವಡೆ ಹಲ್ಲಿನ ಬುಡದಲ್ಲಿ ಕೀವು. ಔಷಧಿ ತಡೆದು ಡಾಕ್ಟರನ್ನು ಕರೆದೆ. ಹಿಂದಿನ ರಾತ್ರಿ ರಿಪೋರ್ಟ್ ಪುಸ್ತಕದಲ್ಲಿ ‘ಗಲಾಟೆ ಮಾಡುತ್ತಾನೆ’ ಎಂದು ಬರೆದವಳೂ ನಾನೇ.

ಇನ್ನು ಕಾನೂನು. 18 ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಜಿಲ್ಲಾಧಿಕಾರಿ ದರ್ಜೆಯವರು ಅದರಲ್ಲಿರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ ಸೀಮಿತ ಪಾಲಕತ್ವದಲ್ಲಂತೂ ಪಾಲಕರು ಆ ವ್ಯಕ್ತಿಯ ಜೊತೆ ಕೂಡಿಯೇ ತೀರ್ಮಾನಿಸಬೇಕು. ಚಂಡೀಗಢದ ಆಶ್ರಯ ಕೇಂದ್ರವೊಂದರಲ್ಲಿದ್ದ, ಅಲ್ಪ ಬುದ್ಧಿಮಾಂದ್ಯವಿದ್ದ ಯುವತಿಯ ಗರ್ಭವನ್ನು ಅವಳ ಒಪ್ಪಿಗೆಯಿಲ್ಲದೆ ತೆಗೆಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ನಮ್ಮ ವಾರ್ಡುಗಳಲ್ಲಿ ಮಾತ್ರ ಈಗಲೂ ಒಪ್ಪಿಗೆ ಪತ್ರ ನೇರ ಅಣ್ಣನ ಕೈಗೇ ಹೋಗುತ್ತದೆ.

ಮುಂದಿನ ಸಲ ಬರುವಾಗ ಒಂದು ಹಾಳೆ ಬರೆದು ತನ್ನಿ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇದನ್ನು ‘ಹಾಸ್ಪಿಟಲ್ ಪಾಸ್‌ಪೋರ್ಟ್’ ಅನ್ನುತ್ತಾರೆ. ನೋವಾದರೆ ನಿಮ್ಮ ತಮ್ಮ ಏನು ಮಾಡುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ಮಾತ್ರೆಯನ್ನು ಬಾಳೆಹಣ್ಣಲ್ಲಿ ನುಂಗುತ್ತಾನೋ ನೀರಲ್ಲೋ, ‘ಬೇಡ’ ಅನ್ನಬೇಕಾದಾಗ ಮುಖ ಹೇಗೆ ತಿರುಗಿಸುತ್ತಾನೆ, ಇಷ್ಟಿದ್ದರೆ ಸಾಕು. ರಾತ್ರಿ ಪಾಳಿಯ ಸಿಸ್ಟರ್‌ಗೆ ಕೇಸ್ ಶೀಟಿಗಿಂತ ಮೊದಲು ಅದನ್ನೇ ಕೊಡಿ.