ವರ್ದಿಂಗಿನ 'ಬ್ರೈಟರ್' ಮೇಳ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ವರ್ದಿಂಗ್ ಎಂಬ ಊರಿದೆ. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಹೆಸರು ಅಪರಿಚಿತವಲ್ಲ. ಆಸ್ಕರ್ ವೈಲ್ಡ್ 1894ರ ಬೇಸಗೆಯಲ್ಲಿ ಅಲ್ಲಿ ತಂಗಿದ್ದು 'ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್' ನಾಟಕವನ್ನು ಬರೆದನು. ಅದರ ನಾಯಕ ಜ್ಯಾಕ್ ವರ್ದಿಂಗನಿಗೆ ಆ ಊರಿನ ಹೆಸರೇ ಬಂದಿತು. ಅದೇ ಊರಿನಲ್ಲಿ 1980ರ ದಶಕದ ಕೊನೆಗೆ ಹುಟ್ಟಿ, ಕೆಲವೇ ವರ್ಷಗಳಲ್ಲಿ ಮುಗಿದುಹೋದ 'ಬ್ರೈಟರ್' ಎಂಬ ಪುಟ್ಟ ಗಾಯನ ಮೇಳವೇ ಈ ಲೇಖನದ ವಿಷಯ.

ಮೊದಲು 'ಇಂಡಿ' ಎಂಬ ಶಬ್ದವನ್ನು ತಿಳಿಯಬೇಕು. ಅದು 'ಇಂಡಿಪೆಂಡೆಂಟ್' ಎಂಬುದರ ಮೊಟಕು ರೂಪ. ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ಪ್ರಕಾಶಕರು ಹೊರತರುವ ಸಂಗೀತಕ್ಕೆ ಈ ಹೆಸರು. 1986ರಲ್ಲಿ 'ಎನ್.ಎಂ.ಇ.' ಪತ್ರಿಕೆಯು ಇಂತಹ 22 ಹಾಡುಗಳನ್ನು 'ಸಿ86' ಎಂಬ ಕ್ಯಾಸೆಟ್ಟಿನಲ್ಲಿ ಕೂಡಿಸಿತು. ಮರುವರ್ಷವೇ ಬ್ರಿಸ್ಟಲ್ ನಗರದಲ್ಲಿ ಕ್ಲೇರ್ ವಾಡ್, ಮ್ಯಾಟ್ ಹೇನ್ಸ್ ಎಂಬಿಬ್ಬರು 'ಸಾರಾ ರೆಕಾರ್ಡ್ಸ್' ಸಂಸ್ಥೆಯನ್ನು ತೆರೆದರು. ಇವರ ನಂಬಿಕೆ 7 ಅಂಗುಲದ ಅಗ್ಗದ ರೆಕಾರ್ಡಿನಲ್ಲಿ. ಅದೇ ಹಾಡನ್ನು 12 ಅಂಗುಲದ ರೆಕಾರ್ಡಿಗೆ ಹಾಕಿ ಹೆಚ್ಚು ಬೆಲೆ ಕೇಳುವುದು ಕೇಳುಗರ ಸುಲಿಗೆಯೆಂದು ಅವರು ವಾದಿಸಿದರು. ಸಂಗೀತಕ್ಕಿಂತಲೂ ಈ ಹಟವೇ ನನ್ನನ್ನು ಮೊದಲು ಸೆಳೆಯಿತೆಂದು ಒಪ್ಪಿಕೊಳ್ಳುತ್ತೇನೆ.

ಬ್ರೈಟರ್ ಮೇಳದ ಮೊದಲ ರೆಕಾರ್ಡು 1989ರಲ್ಲಿ ಸಾರಾದಿಂದಲೇ ಬಂದಿತು. ಜೂಲ್ಸ್ ವರ್ನನ ಕಾದಂಬರಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಹಾಡು ಕಟ್ಟಿ ಹಾಡುತ್ತಿದ್ದವನು ಕೆರಿಸ್ ಹೊವರ್ಡ್. ಜೊತೆಗೆ ಆಲಿಸನ್ ಕಸಿನ್ಸ್ ಮತ್ತು ಅಲೆಕ್ಸ್ ಶಾರ್ಕಿ. ಡ್ರಮ್ ಬಾರಿಸುವವರ ಸ್ಥಾನದಲ್ಲಿ ತಾಳ ಹಾಕುವ ಯಂತ್ರ. ಇದನ್ನು ಬಡತನವೆಂದು ಎಣಿಸುವುದು ಸುಲಭ. ಆದರೆ ಕಿವಿಗೊಟ್ಟು ಕೇಳಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಮನುಷ್ಯ ಬಾರಿಸುವ ತಾಳವು ಭಾವ ಏರಿದಂತೆ ತಾನೂ ಏರುತ್ತದೆ. ಯಂತ್ರಕ್ಕೆ ಅದರ ಗೊಡವೆಯಿಲ್ಲ. ಆದುದರಿಂದ ಹಾಡುಗಾರನಿಗೂ ಕೂಗುವ ಅವಕಾಶವಿಲ್ಲ. ದುಃಖವನ್ನು ಮೆಲುದನಿಯಲ್ಲಿಯೇ ಹೇಳಬೇಕು. ಉಳಿದುದನ್ನು ಗಿಟಾರಿನ ತಂತಿಗಳು ನುಡಿಯಬೇಕು. ಈ ಸಂಯಮವೇ ಮೇಳದ ಗುಣವೆಂದು ನನ್ನ ಅಭಿಪ್ರಾಯ. ಒಂದಾದ ಮೇಲೊಂದು ಕೇಳುತ್ತ ಹೋದರೆ ಹಾಡುಗಳು ತುಸು ಒಂದೇ ಬಗೆಯವಾಗಿ ತೋರುವುದೂ ನಿಜ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. "ಇದನ್ನು ಓದಿದರೆ ಏನು ಸಿಗುತ್ತದೆಯಪ್ಪಾ?" ಎಂಬ ಪ್ರಶ್ನೆ ನನಗೆ ರೂಢಿಯಾಗಿದೆ. ಈ ಮೇಳದ ವಿಷಯ ಎತ್ತಿದಾಗ ಹಾಸ್ಟೆಲಿನ ಗೆಳೆಯರೂ ಅದನ್ನೇ ಕೇಳಿದರು. ಹೆಸರು ಗಳಿಸಿದವರನ್ನು ಕುರಿತು ಬರೆಯಲು ಬೇಕಾದಷ್ಟು ಜನರಿದ್ದಾರೆ. ಸಣ್ಣ ಊರಿನಲ್ಲಿ ಕುಳಿತು, ಇದ್ದುದರಲ್ಲಿಯೇ ಒಂದು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದವರನ್ನೂ ತಿಳಿಯಬೇಕೆಂದು ನನಗೆ ಆಸೆ. ಗೆಳೆಯರು ಒಪ್ಪಲಿಲ್ಲ.

1991ರಲ್ಲಿ 'ಲಾರೆಲ್', 1992ರಲ್ಲಿ 'ಡಿಸ್ನಿ' ಬಂದವು. ಅಲ್ಲಿಗೆ ಮೇಳ ಚದುರಿತು. ಸಾರಾ ಸಂಸ್ಥೆಯೂ ತನ್ನ ಸಾಲಿನ 100ನೆಯ ಪ್ರಕಟಣೆ ಮುಟ್ಟಿದೊಡನೆ, 1995ರ ಆಗಸ್ಟಿನಲ್ಲಿ ತಾನಾಗಿಯೇ ಬಾಗಿಲು ಹಾಕಿತು. ಹೊವರ್ಡ್ ಮುಂದೆ 'ಹಾರ್ಪರ್ ಲೀ' ಎಂಬ ಮತ್ತೊಂದು ಮೇಳವನ್ನು ಕಟ್ಟಿದನು. ಬ್ರೈಟರಿನ ಬಿಡಿ ರೆಕಾರ್ಡುಗಳನ್ನು ಕೂಡಿಸಿ 2003ರಲ್ಲಿ ಅಮೆರಿಕದ ಮ್ಯಾಟಿನೇ ಸಂಸ್ಥೆಯು ಪ್ರಕಟಿಸಿತು. ಅದರ ಹೆಸರು 'ಸಿಂಗಲ್ಸ್ 1989-1992' ಎಂದಷ್ಟೇ.